ಜಿನಪಾಲ ಸರ್ ಪಿಯಾನೊ ಬಿಟ್ಟ ಚಾತುರ್ಮಾಸ

ಜಿನಪಾಲ ಸರ್ ಪಿಯಾನೊ ಬಿಟ್ಟರು ಎನ್ನುವ ಸುದ್ದಿ ನನಗೆ ಮುಟ್ಟಿದ್ದು ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನಲ್ಲಿ. ಶಾಲೆಯಲ್ಲಿ ಮಕ್ಕಳಿಗೆ ಸಂಗೀತದ ಪಾಠ ಮುಗಿಸಿ ನಮ್ಮೂರು ನೇಸರಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಫೋನು ಮಾಡಿದವರು ಸರ್ ಅವರ ಹೆಂಡತಿ ಸೋನಾಬಾಯಿ. ನಾನು ಅವರನ್ನು ಕರೆಯುವುದು ಕಾಕು ಎಂದು.

"ಕಾಜಲ, ನಿಮ್ಮ ಸರ್‌ಗ ತಲಿ ಕೆಟ್ಟೈತಿ," ಎಂದರು ಕಾಕು. "ಮಹಾರಾಜರ ಮುಂದ ನಿಂತು ಪಿಯಾನೊ ಬಿಡ್ತೇನಿ ಅಂದ್ರು. ದೀಪಾವಳಿ ತನಾ ಮುಟ್ಟೂದಿಲ್ಲಂತ."

"ಚಹಾ ಬಿಡೂದು ಅಂತ ಠರಿಸಿದ್ದಿರೆಲ್ರಿ?"

"ಹೌದವ್ವಾ! ಎಂಟ ದಿನಾ ಬಾಯಿಪಾಠ ಮಾಡಿಸಿದ್ನಿ. ಚಹಾ ಅನ್ರಿ, ಚಹಾ ಅನ್ರಿ ಅಂತ. ತಲಿ ಅಲ್ಲಾಡಿಸಿದ್ರು. ಆಮ್ಯಾಲೆ ನೋಡಿದ್ರ ಹಿಂಗ."

ನೇಸರಿ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಗಿದ್ದವು. ಸೆಪ್ಟೆಂಬರಿನ ಕೊನೆಯ ರವಿವಾರ ಕೊಲ್ಹಾಪುರದಲ್ಲಿ ನಮ್ಮಿಬ್ಬರ ಕಚೇರಿ ಇತ್ತು. ಎದುರುಬದುರು ಎರಡು ಪಿಯಾನೊ, ಒಂದಕ್ಕೆ ಸರ್, ಒಂದಕ್ಕೆ ನಾನು. ದೀಪಾವಳಿ ಬರುವುದು ಅದರ ಆಮೇಲೆ.

ಇದೇನು ಬಿಡುವುದು, ಹಿಡಿಯುವುದು ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ನಾನು ಜೈನಳಲ್ಲ, ಕುರಿ ಕಾಯುವವರ ಮನೆಯ ಮಗಳು. ಆದರೆ ಹದಿಮೂರು ವರ್ಷ ಆ ಮನೆಯ ಉಪ್ಪು ಉಂಡಿದ್ದೇನೆ. ಮಳೆಗಾಲದ ನಾಲ್ಕು ತಿಂಗಳು, ಅಂದರೆ ಚಾತುರ್ಮಾಸದಲ್ಲಿ, ಮಹಾರಾಜರು ಎಂದು ಕರೆಯುವ ದಿಗಂಬರ ಮುನಿಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ದಿನಕ್ಕೆ ಒಂದೇ ಊಟ, ಅದೂ ನಿಂತುಕೊಂಡು, ಅಂಗೈಯಲ್ಲಿ. ಬೆಳಿಗ್ಗೆ ಅವರು ಬೀದಿಗೆ ಹೊರಟಾಗ ಮನೆಮನೆಯವರು ಮಡಿಯುಟ್ಟು, ಕಳಸ ಹಿಡಿದು, ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಯಾರ ಬಾಗಿಲಲ್ಲಿ ನಿಲ್ಲುತ್ತಾರೋ ಅವರ ಪುಣ್ಯ. ಊಟ ನೀಡುವ ಗಂಡ ಹೆಂಡತಿ ಆ ದಿನ ಏನಾದರೊಂದನ್ನು ಚಾತುರ್ಮಾಸ ಮುಗಿಯುವ ದೀಪಾವಳಿಯವರೆಗೆ ಬಿಡುವ ನೇಮ ಹಿಡಿಯಬೇಕು. ಜನ ಜಾಣರು. ಹಲಸು ತಿನ್ನದವರು ಹಲಸು ಬಿಡುತ್ತಾರೆ, ಸಕ್ಕರೆ ಕಾಯಿಲೆ ಇದ್ದವರು ಪೇಢೆ ಬಿಡುತ್ತಾರೆ. ಸರ್ ದಿನಕ್ಕೆ ಒಂಬತ್ತು ಕಪ್ಪು ಚಹಾ ಕುಡಿಯುವವರು, ಹಾಗಾಗಿ ಚಹಾ ಬಿಟ್ಟರೆ ಪುಣ್ಯವೂ ಬಂತು, ನಿದ್ದೆಯೂ ಬಂತು ಎಂದು ಕಾಕು ಲೆಕ್ಕ ಹಾಕಿದ್ದರು. ಗಂಡ ಹೋಟೆಲಿನಲ್ಲಿ, ಜನ ಸೆರೆ ಕುಡಿಯುವ ಜಾಗದಲ್ಲಿ ಬಾರಿಸಿ ಬಂದವರು, ಅದಕ್ಕೇ ತಮ್ಮ ಬಾಗಿಲಲ್ಲಿ ಮುನಿಗಳು ನಿಲ್ಲುವುದೇ ಇಲ್ಲ ಎಂಬ ಕೊರಗು ಅವರಿಗೆ ಇಪ್ಪತ್ತು ವರ್ಷದಿಂದ ಇತ್ತು. ಕಡೆಗೂ ನಿಂತರು. ಆಗ ಸರ್ ಬಾಯಿಂದ ಚಹಾ ಹೊರಡಲಿಲ್ಲ.

ಸರ್ ಹುಟ್ಟಿದ್ದು ಶಿರೋಳ ತಾಲೂಕಿನ ಅಕಿವಾಟದಲ್ಲಿ, ಕಬ್ಬು ಬೆಳೆಯುವ ಮನೆಯಲ್ಲಿ. ಹುಡುಗರಿದ್ದಾಗ ಬಸದಿಯ ಭಜನೆಗೆ ಹಾರ್ಮೋನಿಯಂ ಬಾರಿಸುತ್ತಿದ್ದರು. ಇಪ್ಪತ್ತನೆಯ ವಯಸ್ಸಿಗೆ ಇಚಲಕರಂಜಿಯ ಬಟ್ಟೆ ವ್ಯಾಪಾರಿಯೊಬ್ಬರ ಮುಂಬಯಿ ಅಂಗಡಿಗೆ ಗುಮಾಸ್ತರಾಗಿ ಹೋದರು. ಒಂದು ಸಂಜೆ ಪರದೆ ಬಟ್ಟೆಯ ನಮೂನೆ ತೋರಿಸಲು ಸಮುದ್ರದಂಡೆಯ ದೊಡ್ಡ ಹೋಟೆಲಿಗೆ ಹೋದಾಗ, ಅಲ್ಲಿ ಗೋವಾದ ಮುದುಕನೊಬ್ಬ ಪಿಯಾನೊ ಬಾರಿಸುತ್ತಿದ್ದನಂತೆ. ಸರ್ ನಮೂನೆಯ ಗಂಟನ್ನು ಬಗಲಲ್ಲಿ ಇಟ್ಟುಕೊಂಡು ಎರಡು ತಾಸು ನಿಂತೇ ಇದ್ದರು. ಪರದೆ ಮಾರಾಟವಾಗಲಿಲ್ಲ. ಮರುದಿನದಿಂದ ಆ ಮುದುಕನ ಹಿಂದೆ ಬಿದ್ದರು. ಮೂರು ವರ್ಷ ಅವನ ಹತ್ತಿರ ಕಲಿತರು, ಆಮೇಲೆ ಅದೇ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಬಾರಿಸಿದರು. ಎರಡು ಕ್ಯಾಸೆಟ್ ಬಂದವು. ಒಮ್ಮೆ ಡ್ರಮ್ಮಿನವನನ್ನೂ ಬೇಸ್‌ನವನನ್ನೂ ಕಟ್ಟಿಕೊಂಡು ಪೋಲಂಡಿಗೆ ಹೋಗಿ ಬಂದರು. ಜೈನರು ಮುಟ್ಟದ ಉಳ್ಳಾಗಡ್ಡಿ ಬಟಾಟೆ ಇಲ್ಲದ ಅಡುಗೆ ಆ ದೇಶದಲ್ಲಿ ಸಿಗದೆ ಹನ್ನೊಂದು ದಿನ ಬ್ರೆಡ್ಡು ಸೇಬುಹಣ್ಣು ತಿಂದು ಇಳಿದುಹೋಗಿ ಬಂದರು.

ಜಾಝ್ ಎಂದರೆ ಬೆವರು ಸುರಿಸಿ, ಎದೆ ಬಡಿದುಕೊಂಡು ಬಾರಿಸುವವರು ಒಂದು ಪಂಗಡ. ಸರ್ ಇನ್ನೊಂದು ಪಂಗಡ, ಕೂಲ್ ಜಾಝ್‌ನವರು. ಮೆಲ್ಲಗೆ, ಸಾವಕಾಶ, ಸ್ವರಗಳನ್ನು ಎಣಿಸಿ ಎಣಿಸಿ ಇಡುವವರು. ಮುಂಬಯಿಯ ವಿಮರ್ಶಕನೊಬ್ಬ, ಈ ಮನುಷ್ಯ ಸ್ವರಗಳನ್ನು ಉಪವಾಸ ಕೆಡವುತ್ತಾನೆ ಎಂದು ಬರೆದಿದ್ದ. ಸರ್ ಆ ಕಾಗದವನ್ನು ಕತ್ತರಿಸಿ ಇಟ್ಟಿದ್ದಾರೆ. ಹೊಗಳಿದ್ದೋ ಬೈದದ್ದೋ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅವರ ತಾಯಿಯಂತೂ ಒಮ್ಮೆ ಮುಂಬಯಿಗೆ ಹೋಗಿ ಕೇಳಿ, "ಇಷ್ಟ ಕಡಿಮಿ ಬಾರಿಸಿದ್ರ ಪಗಾರ ಹೆಂಗ ಕೊಡ್ತಾರೋ?" ಎಂದು ಗಾಬರಿಯಾಗಿದ್ದರಂತೆ. "ಅವ್ವಾ, ಹೊಟ್ಟಿ ಬಿರಿಯೂವಂಗ ಉಣಬಾರ್ದು, ಎರಡ ತುತ್ತು ಕಡಿಮಿ ಉಣಬೇಕು, ಅದೂ ಒಂದು ತಪಾ ಅಂತ ನೀನ ಹೇಳ್ತಿದ್ದಿ. ಕಿವಿಗೂ ಹಂಗ," ಎಂದು ಸರ್ ಸಮಾಧಾನ ಹೇಳಿದರು. ಮುದುಕಿಗೆ ಅದು ತಟ್ಟನೆ ತಿಳಿಯಿತಂತೆ. ನನಗೆ ತಿಳಿಯಲು ಮಾತ್ರ ವರ್ಷಗಳೇ ಬೇಕಾದವು.

ಹೋಟೆಲಿನವರು ಪಿಯಾನೊ ತೆಗೆದು ಅಲ್ಲಿ ಯಂತ್ರದ ಹಾಡು ಹಚ್ಚಿದಾಗ ಸರ್ ಆ ಪಿಯಾನೊವನ್ನೇ ಕೊಂಡರು. ನೂಲಿನ ಲಾರಿಯಲ್ಲಿ, ಮೂಟೆಗಳ ನಡುವೆ ಅದನ್ನು ಕೂರಿಸಿಕೊಂಡು ಇಚಲಕರಂಜಿಗೆ ಬಂದರು. ಕೆಳಗೆ ತಮ್ಮನ ವಿದ್ಯುತ್ ಮಗ್ಗಗಳು, ಮೇಲೆ ಇವರ ಮನೆ ಮತ್ತು ಪಾಠ. ಮಗ್ಗಗಳ ಖಟಖಟದ ಮೇಲೆ ಕೂತು ಜಗತ್ತಿನಲ್ಲೇ ಅತಿ ಮೆಲ್ಲಗಿನ ಸಂಗೀತ ಕಲಿಸುವ ಮನುಷ್ಯ ಇನ್ನೊಬ್ಬ ಇರಲಾರ. ಮದುವೆ ಆರ್ಕೆಸ್ಟ್ರಾದ ಕೀಬೋರ್ಡಿನವರು, ಚರ್ಚಿನ ಹುಡುಗಿಯರು, ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ಅವರ ಶಿಷ್ಯರೇ.

ನಾನು ಅಲ್ಲಿಗೆ ಸೇರಿದ್ದು ಕುರಿಗಳ ದೆಸೆಯಿಂದ. ನಮ್ಮಪ್ಪ ಧೋಂಡಿಬಾ ಬೆಳೆ ಕೊಯ್ದ ಹೊಲಗಳಲ್ಲಿ ಹಿಂಡು ತರುಬುತ್ತಾನೆ. ಗೊಬ್ಬರ ಹೊಲಕ್ಕೆ, ಜೋಳ ನಮಗೆ. ವರ್ಷವೂ ಅಕಿವಾಟದಲ್ಲಿ ಸರ್ ಅವರ ಹೊಲದಲ್ಲಿ ನಮ್ಮ ಕುರಿ ಕೂಡುತ್ತಿದ್ದವು. ನನಗೆ ಹದಿನೈದಾಗಿದ್ದ ವರ್ಷ ಜೋಳ ತರಲು ಅವರ ಮನೆಗೆ ಹೋದವಳು, ಪಡಸಾಲೆಯಲ್ಲಿದ್ದ ಹಾರ್ಮೋನಿಯಂ ಮೇಲೆ ನಮ್ಮಪ್ಪ ಕುರಿ ಕರೆಯುವ ಕೂಗನ್ನು ಹುಡುಕಿ ಹುಡುಕಿ ಬಾರಿಸುತ್ತಿದ್ದೆ. ಹಿಂದೆ ಸರ್ ಬಂದು ನಿಂತದ್ದು ಗೊತ್ತಾಗಲಿಲ್ಲ. ಬೈಯುತ್ತಾರೆಂದು ಜಿಗಿದು ಎದ್ದರೆ, "ಕೂಡು, ಇನ್ನೊಮ್ಮೆ ಕರಿ ಕುರೀನ," ಎಂದರು. ಅಪ್ಪನೊಡನೆ ಅವರೇ ಮಾತಾಡಿ ನನ್ನನ್ನು ಇಚಲಕರಂಜಿಯ ಹಾಸ್ಟೆಲಿಗೆ ಸೇರಿಸಿದರು. ನನಗೀಗ ಇಪ್ಪತ್ತೆಂಟು.

ಇನ್ನು ನನ್ನ ನಾಚಿಕೆಯ ಕತೆಯನ್ನೂ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ಗಡಹಿಂಗ್ಲಜದ ಒಂದು ಸಭೆಯಲ್ಲಿ ಮೊದಲ ಸಲ ಒಬ್ಬಳೇ ಬಾರಿಸಿದೆ. ಮೂರನೆಯ ನಿಮಿಷಕ್ಕೆ ಮುಂದಿನದು ಕೈಗೆ ಬರಲಿಲ್ಲ. ಪಾಠದಲ್ಲಿ ಹಾಗಾದಾಗ ಬಲಗಡೆಯಿಂದ ಸರ್ ಅವರ ಕೈ ಬರುತ್ತಿತ್ತು, ಎರಡು ಸ್ವರ ಇಟ್ಟು ದಾರಿ ಹಿಡಿಸುತ್ತಿತ್ತು. ಅಲ್ಲಿ ಕೈ ಬರಲಿಲ್ಲ. ನಾನು ಎದ್ದು, ಜನರ ನಡುವೆಯೇ ನಡೆದು, ಚಪ್ಪಲಿ ಮೆಟ್ಟಿಕೊಂಡು ನೇಸರಿ ಬಸ್ಸು ಹತ್ತಿ ಮನೆಗೆ ಹೋದೆ. ಆಮೇಲೆ ಮದುವೆಗಳಲ್ಲಿ ಹತ್ತು ಜನರ ನಡುವೆ ಕೀಬೋರ್ಡು ಬಾರಿಸಿದೆ, ಸರ್ ಪಕ್ಕದಲ್ಲಿದ್ದರೆ ಪಿಯಾನೊ ಬಾರಿಸಿದೆ. ಒಬ್ಬಳೇ ಎಂದರೆ ಮಾತ್ರ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಕೊಲ್ಹಾಪುರದ ಕಚೇರಿಗೆ ನಾನು ಒಪ್ಪಿದ್ದೇ ಎದುರಿಗೆ ಸರ್ ಇರುತ್ತಾರೆಂದು.

ಮರುದಿನ ಇಚಲಕರಂಜಿಗೆ ಹೋದೆ. ಪಿಯಾನೊ ಮೇಲೆ ಕಾಕು ಚಾದರ ಹೊದಿಸಿ, ಅದರ ಮೇಲೆ ನಾಲ್ಕು ದುಪ್ಪಟಿ ಮಡಿಸಿ ಇಟ್ಟಿದ್ದರು. ಸರ್ ಅದರಿಂದ ಮಾರುದೂರ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಆ ಚಹಾ ನೋಡಿ ನನ್ನ ಪಿತ್ತ ನೆತ್ತಿಗೇರಿತು.

"ಯಾಕ್ರಿ ಸರ್ ಹಿಂಗ ಮಾಡಿದ್ರಿ?"

ಸರ್ ಕಪ್ಪು ಕೆಳಗಿಟ್ಟರು. "ಆ ಮನಿಷಾ ನಿಂತಕೊಂಡು ಅಂಗೈಯಾಗ ಉಣ್ಣಾಂವ. ಮೈಮ್ಯಾಲೆ ಅರಿವಿ ಇಲ್ಲ, ನಂದು ಅನ್ನೂದು ಒಂದೂ ಇಲ್ಲ. ಅಂಥಾವರ ಮುಂದ ಚಹಾ ಬಿಡ್ತೇನಿ ಅನ್ನಾಕ ನಾಚಿಕಿ ಬಂತ ನನಗ. ನಾಲಿಗಿ ತುದಿ ಮ್ಯಾಲಿತ್ತು ಚಹಾ. ಬಾಯಿ ತೆರೆದ್ರ ಪಿಯಾನೊ ಬಂತು."

"ಎಲ್ಲಾರೂ ಹಲಸು ಬಿಡ್ತಾರ, ಇವರೊಬ್ಬರಿಗೆ ನಾಚಿಕಿ!" ಎಂದು ಅಡುಗೆಮನೆಯಿಂದ ಕಾಕು ಕೂಗಿದರು. ತಮ್ಮ ಇಪ್ಪತ್ತು ವರ್ಷದ ಆಸೆ ಈಡೇರಿದ ಮರುದಿನವೇ ಅವರ ಕಣ್ಣು ಅತ್ತು ಕೆಂಪಾಗಿದ್ದವು. ಗಂಡನ ಪಿಯಾನೊ ಕೇಳುತ್ತ ರೊಟ್ಟಿ ಬಡಿದವರು ಅವರು. ಈಗ ಮಗ್ಗದ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇರಲಿಲ್ಲ.

ನನಗೊಂದು ಅನುಮಾನವಿತ್ತು, ಅದನ್ನೂ ಕೇಳಿಬಿಟ್ಟೆ. "ನಾ ಒಬ್ಬಾಕಿನ ಬಾರಿಸಲಿ ಅಂತ ಬೇಕಂತ ಮಾಡಿದ್ರೇನ್ರಿ?"

"ಅಷ್ಟ ಶಾಣ್ಯಾ ಅಲ್ಲ ನಾ," ಎಂದರು ಸರ್. "ನಿನ್ನ ಕಚೇರಿ ನೆನಪಾಗಿದ್ದು ಮಹಾರಾಜರು ಉಂಡು ಹೋದ ಮ್ಯಾಲೆ. ತಪ್ಪಾತು, ಕಾಜಲ. ಖರೇನ ತಪ್ಪಾತು."

ಬೇಕೆಂದೇ ಮಾಡಿದೆ ಎಂದಿದ್ದರೆ ಜಗಳವಾಡಬಹುದಿತ್ತು. ಮರೆತೇಬಿಟ್ಟೆ ಎಂದವರ ಜೊತೆ ಏನು ಮಾಡುವುದು? ಹದಿಮೂರು ವರ್ಷದ ಶಿಷ್ಯೆಯನ್ನು ಒಂದು ಗಳಿಗೆ ಮರೆತರಲ್ಲ ಎಂದು ನನಗೆ ಬಹಳ ನೋವಾಯಿತು. ನೇಮವನ್ನು ನಡುವೆ ಮುರಿಯಿರಿ ಎನ್ನುವ ಮಾತು ಗಂಟಲವರೆಗೂ ಬಂದಿತ್ತು. ಕಾಕು ಮುಖ ನೋಡಿ ನುಂಗಿಕೊಂಡೆ.

ಕೊಲ್ಹಾಪುರದ ಕಚೇರಿ ಏರ್ಪಡಿಸಿದ್ದ ಧೀರಜ ಅಷ್ಟರಲ್ಲೇ ಕಾಕುಗೆ ಫೋನು ಮಾಡಿದ, ಕಾಕು ಅದನ್ನು ಎಲ್ಲರಿಗೂ ಕೇಳುವಂತೆ ಹಚ್ಚಿದರು. "ಸರ್ ಇಲ್ಲಂದ್ರ ರದ್ದ ಮಾಡೂಣೇನು? ಇಲ್ಲಾ ಕಾಜಲ ಒಬ್ಬರ ಬಾರಿಸ್ತಾರೇನು?" ನಾನು ರದ್ದು ಎನ್ನಬೇಕೆನ್ನುವಷ್ಟರಲ್ಲಿ ಸರ್, "ಆಕಿ ಬಾರಿಸ್ತಾಳ," ಎಂದುಬಿಟ್ಟರು. ನಾನು ಅಲ್ಲೇ ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿದೆ. ಇದೊಂದು ಸಲ ನೋಡುವುದು. ಮತ್ತೆ ಎದ್ದು ಓಡಿದೆನೋ, ಪಿಯಾನೊ ನನ್ನ ಪಾಲಿಗೆ ಮುಗಿಯಿತು, ಮದುವೆಯ ಕೀಬೋರ್ಡೇ ಗತಿ. ಇದನ್ನು ಕಾಕುಗೆ ಹೇಳಿದೆ. ಕಾಕು ಅದನ್ನು ಸರ್‌ಗೆ ಹೇಳಿದರು.

ದುಪ್ಪಟಿ, ಚಾದರ ತೆಗೆದು ನನ್ನ ಪಾಠ ನಡೆಯಿತು. ಸರ್ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತು, ಮೊರದಲ್ಲಿ ಅಕ್ಕಿ ಆರಿಸುತ್ತ ಕೇಳುತ್ತಿದ್ದರು. ಕೈ ಸುಮ್ಮನೆ ಇರಲಾರವು, ಅದಕ್ಕೆ ಕಾಕು ಕೊಟ್ಟ ಕೆಲಸ ಅದು. ನಾನು ಬಾರಿಸಬೇಕಾಗಿದ್ದುದು ಸರ್ ಮುಂಬಯಿಯಲ್ಲಿ ಕಟ್ಟಿದ ಒಂದು ರಚನೆ. ಅದರ ನಡುವೆ ಮೊದಲ ಪಿಯಾನೊ ನಿಲ್ಲುತ್ತದೆ, ಎರಡನೆಯದು, ಸರ್ ಅವರದು, ಉತ್ತರ ಕೊಡುತ್ತದೆ. ಈಗ ಪ್ರಶ್ನೆಯೂ ನನ್ನದು, ಉತ್ತರವೂ ನನ್ನದು. ಪ್ರತಿ ಸಲ ಅಲ್ಲಿಗೆ ಬಂದು ನನ್ನ ಕೈ ನಿಂತುಬಿಡುತ್ತಿತ್ತು.

"ಮುಂದ ಏನ್ರಿ?"

"ನಿನಗ ಗೊತ್ತ."

"ಗೊತ್ತಿಲ್ರಿ."

"ಹಂಗಾದ್ರ ಗೊತ್ತಾಗೂತನಾ ಕೂಡು. ಅವಸರ ಮಾಡಿ ತುಂಬಬ್ಯಾಡ. ಖಾಲಿ ಇದ್ರ ಇರ್ಲಿ."

ನಾನು ಕೂಡುತ್ತಿದ್ದೆ. ಕೆಳಗೆ ಮಗ್ಗ ಬಡಿಯುತ್ತಿದ್ದವು, ಮೊರದಲ್ಲಿ ಅಕ್ಕಿ ಸರಕ್ ಎನ್ನುತ್ತಿತ್ತು. ಏನೂ ಬರುತ್ತಿರಲಿಲ್ಲ. ಕಡೆಗೆ ಕೈಗೆ ಬಂದಂತೆ ಏನೋ ಒಂದನ್ನು ಬಡಿದು ದಾಟುತ್ತಿದ್ದೆ. ಸರ್ ಇನ್ನೊಂದು ಹಿಡಿ ಅಕ್ಕಿ ಮೊರಕ್ಕೆ ಹಾಕಿಕೊಳ್ಳುತ್ತಿದ್ದರು. ಎರಡು ತಿಂಗಳಲ್ಲಿ ಒಂದೇ ಒಂದು ದಿನವೂ ಆ ಜಾಗ ನನಗೆ ಒಲಿಯಲಿಲ್ಲ. ಆ ಮನೆಯಲ್ಲಿ ಅಷ್ಟು ಸ್ವಚ್ಛ ಅಕ್ಕಿ ಮಾತ್ರ ಹಿಂದೆಂದೂ ಇದ್ದಿರಲಿಕ್ಕಿಲ್ಲ.

ರವಿವಾರ ಬಂತು. ಕಚೇರಿ ಮಧ್ಯಾಹ್ನ ನಾಲ್ಕಕ್ಕೆ. ಹೊತ್ತು ಮುಳುಗುವ ಮೊದಲು ಸರ್ ಊಟ ಮುಗಿಯಬೇಕೆಂದು ಧೀರಜ ಇಟ್ಟ ಹೊತ್ತು ಅದು. ನೂರಿಪ್ಪತ್ತು ಕುರ್ಚಿಯ ಹಾಲ್, ತುಂಬಿತ್ತು. ನೇಸರಿಯಿಂದ ಅಪ್ಪ, ಅವ್ವ ಎಸ್‌ಟಿ ಬಸ್ಸಿನಲ್ಲಿ ಬಂದಿದ್ದರು. ಅಪ್ಪ ತಲೆಗೆ ಕೆಂಪು ಪಟಗಾ ಸುತ್ತಿ, ಹೆಗಲಿಗೆ ಕಂಬಳಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ. ಅವನ ಪಕ್ಕ ಅವ್ವ ದುರ್ಗವ್ವ, ಆಮೇಲೆ ಕಾಕು, ಕಾಕು ಪಕ್ಕ ಸರ್. ಸರ್ ಮುಂಬಯಿಯ ಹಳೆಯ ಕಪ್ಪು ಸೂಟು ಹಾಕಿದ್ದರು. ಬಾರಿಸುವುದಿಲ್ಲ, ಆದರೂ ಸೂಟು.

ಮೊದಲಿನ ಮೂರು ನೀಟಾಗಿ ಹೋದವು. ಜನ ಚಪ್ಪಾಳೆ ತಟ್ಟಿದರು. ನಾಲ್ಕನೆಯದು, ಕೊನೆಯದು, ಸರ್ ಅವರ ರಚನೆ. ಶುರು ಮಾಡಿದೆ, ಅರ್ಧಕ್ಕೆ ಬಂದೆ, ಆ ಜಾಗ ಬಂತು, ಕೈ ನಿಂತವು.

ಹಾಲ್‌ನಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಬಾಗಿಲು ಬಲಕ್ಕಿತ್ತು, ಹೊರಗೆ ಹೋಗಿ ರಿಕ್ಷಾ ಹಿಡಿದರೆ ಐದೂವರೆಯ ಗಡಹಿಂಗ್ಲಜ ಬಸ್ಸು ಸಿಗುತ್ತದೆ ಎಂದೆಲ್ಲ ತಲೆ ಓಡಿತು. ಕಾಲು ಆಗಲೇ ಪೆಡಲಿನಿಂದ ಕೆಳಗೆ ಇಳಿದಿತ್ತು. ಎದ್ದೇಬಿಡುತ್ತಿದ್ದೆ. ಏಳುವ ಮೊದಲು, ಅಭ್ಯಾಸಬಲ, ಕಣ್ಣು ಸರ್ ಕಡೆ ಹೋಯಿತು.

ಸರ್ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಕೂತಿದ್ದರು. ಎಪ್ಪತ್ತೆರಡು ವರ್ಷದ ಮನುಷ್ಯ, ಮೈಭಾರವನ್ನೆಲ್ಲ ಕೈ ಮೇಲೆ ಹೇರಿ, ಮುಂದಕ್ಕೆ ಬಾಗಿ, ಹಲ್ಲು ಕಚ್ಚಿಕೊಂಡಿದ್ದರು. ಹಣೆಯಿಂದ ಬೆವರು ಇಳಿದು ಹುಬ್ಬಿನಲ್ಲಿ ನಿಂತಿತ್ತು. ಹೋಟೆಲಿನಲ್ಲಿ ಕುಡಿದವರು ಹೊಡೆದಾಡಿ ಮೇಜು ಉರುಳಿಸಿದಾಗಲೂ ತಾಳ ತಪ್ಪದೆ ಬಾರಿಸಿದ ಮನುಷ್ಯ ಇವರು. ಅವರು ಬೆವೆತದ್ದನ್ನು ನಾನು ಹದಿಮೂರು ವರ್ಷದಲ್ಲಿ ನೋಡಿರಲಿಲ್ಲ. ಅವರಿಗೆ ಹೆದರಿಕೆಯಾಗಿತ್ತು, ನನಗಿಂತ ಹೆಚ್ಚು ಹೆದರಿಕೆ. ಓಡಿಬಂದು ಎರಡು ಸ್ವರ ಇಟ್ಟುಕೊಡಬೇಕು ಎಂದು ಆ ಕೈಗಳು ಹಟ ಹಿಡಿದಿರಬೇಕು, ಅದಕ್ಕೇ ಅವುಗಳ ಮೇಲೆ ಕೂತಿದ್ದರು.

ನನಗೆ ಪಾಪ ಅನ್ನಿಸಿತು. ಎರಡು ತಿಂಗಳಿಂದ ನನ್ನದೇ ಸಂಕಟ, ನನ್ನದೇ ಸಿಟ್ಟು ಎಂದುಕೊಂಡಿದ್ದೆ. ಈ ಮನುಷ್ಯ ಬಾಯಿತಪ್ಪಿ ಆಡಿದ ಒಂದು ಮಾತಿಗೆ ದಿನಾ ಅಕ್ಕಿ ಆರಿಸುತ್ತ, ನನ್ನ ಕೈ ನಿಂತಾಗಲೆಲ್ಲ ಹೀಗೇ ಒಳಗೊಳಗೆ ಬೆಂದಿರಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಅಂಜಬ್ಯಾಡ್ರಿ ಸರ್, ನಾ ಎಲ್ಲೂ ಹೋಗೂದಿಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ನೂರಿಪ್ಪತ್ತು ಜನರ ಮುಂದೆ ಹಾಗೆ ಕೂಗಲು ಬರುವುದಿಲ್ಲ. ಅವರಿಗೆ ಮುಟ್ಟಿಸುವ ದಾರಿ ಪಿಯಾನೊ ಒಂದೇ ಇತ್ತು.

ಅವಸರ ಮಾಡಲಿಲ್ಲ. ಕಾಲನ್ನು ಮತ್ತೆ ಪೆಡಲಿನ ಮೇಲೆ ಇಟ್ಟೆ. ಅವರ ಮುಖ ನೋಡುತ್ತಲೇ ಒಂದು ಸ್ವರ ಇಟ್ಟೆ, ಅದು ಪೂರ್ತಿ ಆರುವ ತನಕ ಬಿಟ್ಟು ಇನ್ನೊಂದು ಇಟ್ಟೆ. ಉತ್ತರ ಅಷ್ಟೇ ಇತ್ತು. ಸರ್ ಇಷ್ಟು ವರ್ಷ ಬಾರಿಸಿದ ಉತ್ತರದ ಅರ್ಧದಷ್ಟೂ ಅದು ಇರಲಿಲ್ಲ, ಆದರೆ ಸಾಕಾಯಿತು. ಸರ್ ಕಣ್ಣು ಮುಚ್ಚಿದರು. ನಾನು ರಚನೆಯನ್ನು ಮುಗಿಸಿದೆ.

ಕಚೇರಿ ಮುಗಿದು ಜನ ಎದ್ದಾಗ ಎಲ್ಲರಿಗಿಂತ ಮೊದಲು ಹತ್ತಿರ ಬಂದವನು ಅಪ್ಪ. ಅವನಿಗೆ ಜಾಝ್ ಎಂದರೆ ಏನೆಂದು ಗೊತ್ತಿಲ್ಲ, ಆದರೆ ಹೇಳುವುದನ್ನು ಒಳಗಿಟ್ಟುಕೊಳ್ಳುವವನಲ್ಲ. "ನಡುವ ಸುಮ್ಮ ಕುಂತಿದ್ದೆಲ್ಲ, ಅದ ಭಾಳ ಛಲೋ ಆತ ನೋಡವಾ. ಅಲ್ಲೀತನಾ ಒಬ್ಬೊಬ್ಬರು ಒಂದೊಂದ ಕಡೆ ಇದ್ರು. ಅವಾಗ ಎಲ್ಲಾರೂ ಒಂದ ಕಡೆ ಕಿವಿ ಎತ್ತಿದ್ರು," ಎಂದ. ಕುರಿಯವನು ಇದಕ್ಕಿಂತ ದೊಡ್ಡ ಮಾತು ಆಡುವುದಿಲ್ಲ.

ಸರ್ ಮಾತ್ರ ಕುರ್ಚಿಯಲ್ಲಿ ಹಾಗೇ ಕೂತಿದ್ದರು. ನಾನು ಇಳಿದು ಅವರ ಮುಂದೆ ಮೊಣಕಾಲೂರಿ ಕೂತೆ. ಬೈಯಬೇಕೆಂದು ಎರಡು ತಿಂಗಳು ಕೂಡಿಟ್ಟ ಮಾತೆಲ್ಲ ಎಲ್ಲಿ ಹೋದವೋ.

"ಏಳ್ರಿ ಸರ್, ಆತು."

"ಹೆಂಗ ಏಳ್ಲಿ?" ಎಂದರು ಸರ್. "ಕೈ ಜ್ವಾಮ ಹಿಡದಾವು. ಬರವಲ್ವು."

ಕಾಕು ಒಂದು ಕಡೆ, ನಾನು ಒಂದು ಕಡೆ ಹಿಡಿದು ಅವರನ್ನು ತುಸು ಎತ್ತಿ ಕೈಗಳನ್ನು ಹೊರಗೆ ತೆಗೆದೆವು. ಕುರ್ಚಿಯ ಬೆತ್ತದ ಹೆಣಿಗೆ ಎರಡೂ ಕೈಗಳ ಮೇಲೆ ಕೆಂಪಗೆ ಅಚ್ಚೊತ್ತಿತ್ತು. ಬೆರಳು ಮಡಚಲು ಬರುತ್ತಿರಲಿಲ್ಲ. ಕಾಕು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಆ ಕೈಗಳನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು, ಒಂದೊಂದೇ ಬೆರಳು ಹಿಡಿದು, ರಕ್ತ ಓಡುವ ತನಕ ತಿಕ್ಕುತ್ತ ಕೂತೆ.